ಹತ್‌ಶೆಪ್ಸುತ್‌ಳ ಹೆಸರನ್ನು ಅಳಿಸಿದ್ದು ಸೇಡಿಗಾಗಿಯೇ?

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ಸಲದ ವಾರ್ಷಿಕೋತ್ಸವಕ್ಕೆ ಪ್ರಾಚೀನ ಈಜಿಪ್ಟನ್ನು ಆಳಿದ ಹತ್‌ಶೆಪ್ಸುತ್ ಕುರಿತು ನಲವತ್ತು ನಿಮಿಷದ ನಾಟಕ ಬರೆದು, ಒಂಬತ್ತನೆಯ ತರಗತಿಯ ಮಕ್ಕಳಿಂದ ಆಡಿಸಬೇಕೆಂದಿದ್ದೇನೆ. ಹೆಣ್ಣುಮಕ್ಕಳಿಗೆ ಹುರುಪು ಬರಲಿ ಎಂದು ಈ ವಿಷಯ ಆರಿಸಿಕೊಂಡೆ. ಆದರೆ ಓದುತ್ತ ಹೋದಂತೆ ಗೊಂದಲ ಹೆಚ್ಚಿದೆ. ಆಕೆ ಮಲಮಗನ ಸಿಂಹಾಸನ ಕಸಿದುಕೊಂಡಳು, ಸುಳ್ಳು ಗಡ್ಡ ಕಟ್ಟಿ ಗಂಡಸೆಂದು ಜನರನ್ನು ನಂಬಿಸಿದಳು, ಆಕೆ ಸತ್ತ ಕೂಡಲೇ ಮಲಮಗ ಸಿಟ್ಟಿನಿಂದ ಆಕೆಯ ಹೆಸರನ್ನೆಲ್ಲ ಕೆತ್ತಿ ಹಾಕಿಸಿದ ಎಂದು ಒಂದು ಕಡೆ ಇದೆ. ಆಕೆ ಯುದ್ಧವನ್ನೇ ಮಾಡದ ಶಾಂತಿಪ್ರಿಯೆ, ಹೆಣ್ಣೆಂಬ ಒಂದೇ ಕಾರಣಕ್ಕೆ ಗಂಡಸರು ಆಕೆಯನ್ನು ಇತಿಹಾಸದಿಂದ ಅಳಿಸಿದರು ಎಂದು ಇನ್ನೊಂದು ಕಡೆ ಇದೆ. ನಮ್ಮ ಸಹೋದ್ಯೋಗಿಯೊಬ್ಬರು, ‘ಇದು ಕೈಕೇಯಿಯ ಕಥೆಯೇ ಅಲ್ಲವೇ ಮೇಡಂ, ಮಕ್ಕಳಿಗೆ ಇದೇ ಬೇಕೇ?’ ಎಂದರು. ಪಾತ್ರ ವಹಿಸುವ ಹುಡುಗಿ ಕೇಳುವುದೇ ಬೇರೆ: ‘ನಾನು ಗಡ್ಡ ಕಟ್ಟಿಕೊಳ್ಳಬೇಕಾ ಮಿಸ್? ಎಲ್ಲರೂ ನನ್ನನ್ನ ರಾಣಿ ಅನ್ನಬೇಕಾ, ರಾಜ ಅನ್ನಬೇಕಾ?’ ನಾನು ಯಾವುದನ್ನು ನಂಬಿ ಬರೆಯಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಬೆರೆತಿವೆ. ಯಾವ ಕಥೆ ನಿಜ ಎಂಬುದು ಮೊದಲನೆಯದು; ನಿಜವನ್ನೇ ಹೇಳಹೊರಟರೆ ಮಕ್ಕಳಿಗೆ ಹುರುಪು ಕೊಡುವಂಥದ್ದು ಏನಾದರೂ ಉಳಿಯುತ್ತದೆಯೇ ಎಂಬುದು, ನೀವು ಬಾಯಿಬಿಟ್ಟು ಹೇಳದಿದ್ದರೂ, ಎರಡನೆಯದು. ಎರಡನೆಯದರ ಬಗ್ಗೆ ನಿಶ್ಚಿಂತೆಯಿಂದಿರಿ, ಬೇಕಾದಷ್ಟು ಉಳಿಯುತ್ತದೆ. ಇನ್ನು ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯನ್ನು ಚಿಕ್ಕದೆಂದು ಭಾವಿಸಬೇಡಿ. ಚಿತ್ರಲಿಪಿಯನ್ನು ಓದುವ ದಾರಿ ಕಂಡುಹಿಡಿದ ಶಾಂಪೋಲಿಯೋ 1829ರಲ್ಲಿ ಲಕ್ಸರ್ ಎದುರಿನ ನೈಲ್ ನದಿಯ ಪಶ್ಚಿಮ ದಂಡೆಯಲ್ಲಿರುವ ದೇರ್ ಎಲ್-ಬಹ್ರಿಗೆ ಹೋದಾಗ ಎಡವಿದ್ದು ಸರಿಯಾಗಿ ಇದೇ ಜಾಗದಲ್ಲಿ. ಗೋಡೆಯ ಮೇಲೆ ಗಡ್ಡವಿರುವ, ಅರಸನ ಉಡುಗೆ ತೊಟ್ಟ ಆಕೃತಿ. ಅದರ ಪಕ್ಕದ ಬರಹದಲ್ಲಿ ನಾಮಪದವೂ ಕ್ರಿಯಾಪದವೂ ಸ್ತ್ರೀಲಿಂಗದಲ್ಲಿ. ತಾನು ಓದುತ್ತಿರುವುದು ತಪ್ಪೋ, ಕೆತ್ತಿದವನದು ತಪ್ಪೋ ಎಂದು ಅವನಿಗೆ ತಿಳಿಯಲಿಲ್ಲ. ಹುಡುಗಿಯ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ, ಏಕೆಂದರೆ ನಡುವಿನ ಸಂಗತಿ ತಿಳಿಯದೆ ಅದಕ್ಕೆ ಉತ್ತರಿಸಲಾಗದು.

ಮೊದಲು ಕುಟುಂಬದ ವಿಷಯ. ಹದಿನೆಂಟನೆಯ ರಾಜವಂಶದ ಒಂದನೆಯ ಥುತ್‌ಮೋಸ್‌ಗೆ ಪಟ್ಟದ ಹೆಂಡತಿ ಅಹ್ಮೋಸ್‌ಳಲ್ಲಿ ಹುಟ್ಟಿದ ಮಗಳು ಹತ್‌ಶೆಪ್ಸುತ್. ಅದೇ ಅರಸನಿಗೆ ಇನ್ನೊಬ್ಬ ಹೆಂಡತಿಯಲ್ಲಿ ಹುಟ್ಟಿದ ಎರಡನೆಯ ಥುತ್‌ಮೋಸ್‌ನನ್ನು ಆಕೆ ಮದುವೆಯಾದಳು. ಒಡಹುಟ್ಟಿದವರ ಮದುವೆ ನಮ್ಮ ಮಕ್ಕಳಿಗೆ ವಿಚಿತ್ರವೆನಿಸುತ್ತದೆ. ಈಜಿಪ್ಟಿನ ಅರಮನೆಯಲ್ಲಿ ಅದು ಅಧಿಕಾರ ಹೊರಗಿನ ಮನೆಗೆ ಹೋಗದಂತೆ ಕಾಯುವ ವ್ಯವಸ್ಥೆಯಾಗಿತ್ತು ಎಂದಷ್ಟೇ ಹೇಳಿ ಮುಂದೆ ಸಾಗಿರಿ. ಈ ದಂಪತಿಗೆ ನೆಫೆರೂರೆ ಎಂಬ ಮಗಳಿದ್ದಳು. ಗಂಡುಮಗು ಹುಟ್ಟಿದ್ದು ಅರಸನ ಇನ್ನೊಬ್ಬ ಹೆಂಡತಿ ಇಸೆತ್‌ಳಲ್ಲಿ. ಅವನೇ ಮೂರನೆಯ ಥುತ್‌ಮೋಸ್. ಸುಮಾರು ಕ್ರಿ.ಪೂ. 1479ರಲ್ಲಿ ಅರಸ ತೀರಿಕೊಂಡಾಗ ಈ ಹುಡುಗ ಎಳೆಯ ಮಗು. 2025ರ ಫೆಬ್ರವರಿಯಲ್ಲಿ ಎರಡನೆಯ ಥುತ್‌ಮೋಸ್‌ನ ಸಮಾಧಿಯೆಂದು ಗುರುತಿಸಿದ ತಾಣದ ಸುದ್ದಿ ನೀವು ಓದಿರಬಹುದು. ಅಲ್ಲಿ ಸಿಕ್ಕ ಅಲಬಾಸ್ಟರ್ ಪಾತ್ರೆಯ ಚೂರುಗಳ ಮೇಲೆ ‘ದಿವಂಗತ ಅರಸ’ ಎಂದು ಅವನ ಹೆಸರಿದೆ, ಜೊತೆಗೆ ಪಟ್ಟದ ಹೆಂಡತಿಯಾಗಿ ಹತ್‌ಶೆಪ್ಸುತ್‌ಳ ಹೆಸರೂ ಇದೆ. ಗಂಡನ ಅಂತ್ಯಕ್ರಿಯೆಯ ಹೊಣೆ ಹೊತ್ತವಳು ಆಕೆಯೇ ಎಂದು ಇದರಿಂದ ಊಹಿಸಲು ಅಡ್ಡಿಯಿಲ್ಲ.

ಈಗ ನಿಮ್ಮ ಸಹೋದ್ಯೋಗಿಯ ಕೈಕೇಯಿ. ಮಲತಾಯಿ, ಸಿಂಹಾಸನ, ಹುಡುಗ ಎಂಬ ಮೂರು ಪದಗಳು ಒಟ್ಟಿಗೆ ಬಂದರೆ ನಮ್ಮ ಮನಸ್ಸು ತಾನಾಗಿ ಅಯೋಧ್ಯೆಗೆ ಹೋಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಇಲ್ಲಿ ವರವಿಲ್ಲ, ವನವಾಸವಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಪಟ್ಟಕ್ಕೇರಿಸಬೇಕಾದ ಸ್ವಂತ ಮಗನೇ ಇಲ್ಲ. ಆ ಕಾಲದ ಹಿರಿಯ ಅಧಿಕಾರಿ ಇನೇನಿ ತನ್ನ ಸಮಾಧಿಯ ಗೋಡೆಯ ಮೇಲೆ ನಡೆದುದನ್ನು ಹೀಗೆ ದಾಖಲಿಸಿದ್ದಾನೆ: ಅರಸ ಸ್ವರ್ಗಕ್ಕೆ ಹೋದ, ಅವನ ಮಗ ಅವನ ಸ್ಥಾನದಲ್ಲಿ ನಿಂತ, ತೀರಿಕೊಂಡ ಅರಸನ ಸೋದರಿಯೂ ದೇವಪತ್ನಿಯೂ ಆದ ಹತ್‌ಶೆಪ್ಸುತ್ ನಾಡಿನ ವ್ಯವಹಾರ ನಡೆಸಿದಳು. ಹುಡುಗ ಪಟ್ಟದಲ್ಲಿದ್ದ, ಆಡಳಿತ ಆಕೆಯ ಕೈಯಲ್ಲಿತ್ತು. ಇನೇನಿಗೆ ಇದರಲ್ಲಿ ಬೆರಗುಪಡುವಂಥದ್ದು ಏನೂ ಕಂಡಿಲ್ಲ.

ಕಾಣದಿರಲು ಕಾರಣವಿದೆ. ಎಳೆಯ ಅರಸನ ಪರವಾಗಿ ಮನೆಯ ಹಿರಿಯ ಹೆಂಗಸು ಆಳುವುದು ಆ ವಂಶಕ್ಕೆ ಹೊಸದೇನಾಗಿರಲಿಲ್ಲ. ಉತ್ತರ ಈಜಿಪ್ಟನ್ನು ಆಳುತ್ತಿದ್ದ ಹೊರನಾಡಿನ ಹಿಕ್ಸೋಸ್ ದೊರೆಗಳನ್ನು ಓಡಿಸುವ ಹೋರಾಟದ ಕಾಲದಲ್ಲಿ ಸೈನ್ಯವನ್ನು ಒಗ್ಗೂಡಿಸಿದವಳೆಂದು ಅಹ್‌ಹೋತೆಪ್ ಎಂಬ ರಾಜಮಾತೆಯನ್ನು ಲಕ್ಸರ್‌ನಲ್ಲಿರುವ ಕಾರ್ನಾಕ್ ದೇವಾಲಯದ ಶಿಲಾಫಲಕವೊಂದು ಹೊಗಳುತ್ತದೆ. ಅವಳ ಮುಂದಿನ ಪೀಳಿಗೆಯ ಅಹ್ಮೋಸ್-ನೆಫೆರ್ತಾರಿಗೆ ‘ಅಮುನ್ ದೇವರ ಪತ್ನಿ’ ಎಂಬ ಪದವಿಯನ್ನು ಭೂಮಿಕಾಣಿ ಸಹಿತವಾಗಿ ವಿಧಿವತ್ತಾಗಿ ಒಪ್ಪಿಸಲಾಯಿತು. ಈ ಪದವಿ ಬರೀ ಪೂಜೆಯದಾಗಿರಲಿಲ್ಲ. ಅದಕ್ಕೆ ಸ್ವಂತ ಉಂಬಳಿಗಳೂ ಅವನ್ನು ನೋಡಿಕೊಳ್ಳುವ ನೌಕರರೂ ಇದ್ದರು. ಹತ್‌ಶೆಪ್ಸುತ್‌ಗೆ ಈ ಪದವಿಯಿತ್ತು. ಅರಸನ ಮಗಳು, ಅರಸನ ಸೋದರಿ, ಅರಸನ ಪಟ್ಟದ ಹೆಂಡತಿ, ದೇವಪತ್ನಿ ಎಂಬ ನಾಲ್ಕು ಅರ್ಹತೆಗಳು ಒಬ್ಬಳಲ್ಲೇ ಸೇರಿದ್ದವು. ಹುಡುಗನ ಹೆತ್ತತಾಯಿ ಇಸೆತ್‌ಗೆ ಅಂಥ ಹಿನ್ನೆಲೆ ಇರಲಿಲ್ಲ. ಇದಕ್ಕೆ ಪುರಾಣದ ಬೆಂಬಲವೂ ಇತ್ತೆನ್ನಿ. ಎಳೆಯ ಹೋರಸ್‌ನನ್ನು ಶತ್ರುಗಳಿಂದ ಕಾದು ಬೆಳೆಸಿ ಅರಸನನ್ನಾಗಿಸುವ ತಾಯಿ ಐಸಿಸ್‌ಳ ಕಥೆ ಈಜಿಪ್ಟಿನ ಪ್ರತಿ ಮಗುವಿಗೂ ಗೊತ್ತಿದ್ದ ಕಥೆ.

ಇಷ್ಟರವರೆಗೆ ಎಲ್ಲವೂ ವಾಡಿಕೆಯಂತೆಯೇ ನಡೆದಿದೆ. ವಾಡಿಕೆ ಮುರಿಯುವುದು ಮುಂದೆ. ಹುಡುಗನ ಆಳ್ವಿಕೆಯ ಏಳನೆಯ ವರ್ಷದ ಹೊತ್ತಿಗೆ ಹತ್‌ಶೆಪ್ಸುತ್ ಅರಸರ ಪೂರ್ಣ ಬಿರುದಾವಳಿಯನ್ನು, ಮಾಅತ್‌ಕಾರೆ ಎಂಬ ಪಟ್ಟದ ಹೆಸರನ್ನು ಧರಿಸಿದ್ದಳು. ಈ ವರ್ಷ ನಮಗೆ ಗೊತ್ತಾದದ್ದು ದೊಡ್ಡ ಶಾಸನದಿಂದಲ್ಲ, ಮಣ್ಣಿನ ಜಾಡಿಗಳಿಂದ. ಆಕೆಯ ಅಧಿಕಾರಿ ಸೆನೆನ್‌ಮುತ್‌ನ ತಂದೆತಾಯಿಯರನ್ನು ಹೂತ ಕೋಣೆ ಮುಚ್ಚಿದ ಸ್ಥಿತಿಯಲ್ಲೇ ಪತ್ತೆಯಾಯಿತು. ಅದರೊಳಗಿನ ಜಾಡಿಯೊಂದರ ಮೇಲೆ ಏಳನೆಯ ವರ್ಷದ ನಮೂದಿದೆ, ಬೇರೆ ಜಾಡಿಗಳ ಮುದ್ರೆಗಳಲ್ಲಿ ಒಂದು ಕಡೆ ‘ದೇವಪತ್ನಿ ಹತ್‌ಶೆಪ್ಸುತ್’ ಎಂದಿದೆ, ಇನ್ನೊಂದು ಕಡೆ ‘ಒಳ್ಳೆಯ ದೇವಿ ಮಾಅತ್‌ಕಾರೆ’ ಎಂದಿದೆ. ಎರಡು ಪದವಿಗಳ ನಡುವಿನ ಹೊಸ್ತಿಲು ಆ ಜಾಡಿಗಳ ಮೇಲೆ ಉಳಿದುಕೊಂಡಿದೆ. ಇಂಥ ಸಾಮಾನ್ಯ ವಸ್ತುಗಳು ಯಾರನ್ನೂ ಮೆಚ್ಚಿಸಲು ಬರೆದವಲ್ಲ, ಹಾಗಾಗಿ ನನ್ನಂಥವರು ಗೋಡೆಯ ಹೊಗಳಿಕೆಗಿಂತ ಇವನ್ನು ಹೆಚ್ಚು ನಂಬುತ್ತೇವೆ.

ಮೊದಲು ಆಳಿದ ಹೆಂಗಸರೇ ಇರಲಿಲ್ಲವೆಂದು ನಾಟಕದಲ್ಲಿ ಬರೆಯಬೇಡಿ. ಹತ್‌ಶೆಪ್ಸುತ್‌ಗಿಂತ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಹನ್ನೆರಡನೆಯ ವಂಶದ ತುದಿಯಲ್ಲಿ, ಸೋಬೆಕ್‌ನೆಫೆರು ಅರಸು ಪಟ್ಟದಲ್ಲೇ ಸುಮಾರು ನಾಲ್ಕು ವರ್ಷ ಆಳಿದ್ದಳು. ಆದರೆ ವ್ಯತ್ಯಾಸವಿದೆ. ಸೋಬೆಕ್‌ನೆಫೆರು ಬಂದದ್ದು ವಂಶದಲ್ಲಿ ಗಂಡು ದಿಕ್ಕಿಲ್ಲದಾಗ; ಅವಳ ನಂತರ ಆ ವಂಶವೇ ಮುಗಿಯಿತು. ಹತ್‌ಶೆಪ್ಸುತ್ ಬಂದದ್ದು ನಾಡು ಬಲವಾಗಿದ್ದಾಗ, ಪಟ್ಟಾಭಿಷಿಕ್ತ ಗಂಡು ಅರಸನೊಬ್ಬ ಕಣ್ಣೆದುರಿಗೇ ಇದ್ದಾಗ. ಆಕೆಯ ನಡೆ ನಿಜಕ್ಕೂ ಅಸಾಮಾನ್ಯವಾದದ್ದು ಈ ಒಂದು ಅಂಶದಲ್ಲಿ.

ಹಾಗಾದರೆ ಆ ಹುಡುಗ ಎಲ್ಲಿ ಹೋದ? ಎಲ್ಲಿಯೂ ಹೋಗಲಿಲ್ಲ, ಮತ್ತು ‘ಕಸಿದುಕೊಂಡಳು’ ಎಂಬ ಮಾತು ಸಡಿಲವಾಗುವುದು ಇಲ್ಲಿಯೇ. ಆಕೆ ತನ್ನದೇ ಆದ ವರ್ಷಗಣನೆಯನ್ನು ಎಂದೂ ಆರಂಭಿಸಲಿಲ್ಲ. ಹುಡುಗ ಪಟ್ಟಕ್ಕೆ ಬಂದ ದಿನದಿಂದ ಎಣಿಸಿದ ವರ್ಷಗಳನ್ನೇ ಕೊನೆಯವರೆಗೆ ಬಳಸಿದಳು. ಕಾರ್ನಾಕ್‌ನಲ್ಲಿ ಆಕೆ ಕಟ್ಟಿಸಿದ, ಕೆಂಪು ಕ್ವಾರ್ಟ್‌ಸೈಟ್ ಕಲ್ಲಿನಿಂದಾಗಿ ಕೆಂಪು ಗುಡಿ ಎನಿಸಿಕೊಂಡಿರುವ ದೇಗುಲದ ಚಿತ್ರಗಳಲ್ಲಿ ಇಬ್ಬರೂ ಅರಸರಾಗಿಯೇ ಇದ್ದಾರೆ. ಹೆಚ್ಚಿನ ಕಡೆ ಆಕೆ ಮುಂದೆ, ಅವನು ಹಿಂದೆ ಎಂಬುದು ಸತ್ಯ, ಆ ಕ್ರಮದಲ್ಲಿ ಅಧಿಕಾರದ ಲೆಕ್ಕ ಸ್ಪಷ್ಟವಾಗಿದೆ; ಆದರೆ ಅಳಿಸಿಹಾಕಬೇಕಾದ ಶತ್ರುವನ್ನು ಯಾರೂ ಕಿರೀಟ ತೊಡಿಸಿ ತಮ್ಮ ಬೆನ್ನ ಹಿಂದೆಯೇ ಕೆತ್ತಿಸುವುದಿಲ್ಲ. ಅವಳು ಸತ್ತ ಕೆಲವೇ ತಿಂಗಳಲ್ಲಿ, ಇಪ್ಪತ್ತಮೂರನೆಯ ವರ್ಷದಲ್ಲಿ, ಅವನು ಸೈನ್ಯ ತೆಗೆದುಕೊಂಡು ಪ್ಯಾಲೆಸ್ಟೈನ್‌ನ ಮೆಗಿದ್ದೋವರೆಗೆ ಹೋಗಿ ಗೆದ್ದ. ಸೆರೆಮನೆಯಲ್ಲಿ ಕೊಳೆತು ಹೊರಬಂದವನು ಹಾಗೆ ಹೊರಡಲಾರ. ಅವನ ಕೈಗೆ ತರಬೇತಾದ ಸೈನ್ಯವೂ ಸುಸ್ಥಿತಿಯ ಬೊಕ್ಕಸವೂ ಸಿಕ್ಕಿದ್ದವು.

ಪಟ್ಟವನ್ನು ಏಕೆ ತಾನೇ ಧರಿಸಿದಳು, ಹಿಂದಿನಿಂದಲೇ ಆಳಬಹುದಿತ್ತಲ್ಲ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಮಹತ್ವಾಕಾಂಕ್ಷೆ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಅದಿಲ್ಲದೆ ಯಾರೂ ಹೀಗೆ ಮಾಡುವುದಿಲ್ಲ, ಮತ್ತು ಗಂಡಸಿನಲ್ಲಿ ಗುಣವೆನಿಸುವುದನ್ನು ಹೆಂಗಸಿನಲ್ಲಿ ದೋಷವೆಂದು ಎಣಿಸಬೇಕಾಗಿಯೂ ಇಲ್ಲ. ಆದರೆ ಪದವಿಯ ಒಳಗಣ ಒಂದು ಒತ್ತಡವನ್ನೂ ನೋಡಬೇಕು. ಈಜಿಪ್ಟಿನ ನಂಬಿಕೆಯಲ್ಲಿ ಲೋಕದ ವ್ಯವಸ್ಥೆ, ಅವರು ಮಾಅತ್ ಎನ್ನುತ್ತಿದ್ದುದು, ನಿಲ್ಲುವುದು ಅರಸ ದೇವರಿಗೆ ಸಲ್ಲಿಸುವ ಸೇವೆಯಿಂದ. ದೇವಾಲಯದ ಗೋಡೆಗಳ ಮೇಲೆ ದೇವರೆದುರು ನಿಂತು ಅರ್ಪಿಸುವ ಮುಖ್ಯ ಆಕೃತಿ ಅರಸನದೇ. ದೇವಾಲಯ ಕಟ್ಟಿಸುವ, ಸ್ತಂಭ ನಿಲ್ಲಿಸುವ, ಸೈನ್ಯ ಕಳಿಸುವ, ಹಡಗು ಹೊರಡಿಸುವ ಕೆಲಸವೆಲ್ಲ ಅರಸನ ಹೆಸರಿನಲ್ಲಿ ನಡೆಯಬೇಕು. ಹುಡುಗ ಬೆಳೆಯಲು ಇನ್ನೂ ವರ್ಷಗಳು ಬೇಕಿದ್ದವು. ಎಳೆಯರು ಬದುಕುಳಿಯುವ ಭರವಸೆಯಿಲ್ಲದ ಕಾಲ ಅದು. ಎಲ್ಲ ಕೆಲಸ ಮಾಡುವವಳು ಆಕೆ, ಆದರೆ ಮಾಡುವ ಹಕ್ಕಿರುವ ಹೆಸರು ಆಕೆಯದಲ್ಲ ಎಂಬ ಸ್ಥಿತಿ ಏಳು ವರ್ಷದಲ್ಲಿ ಸಾಕಷ್ಟು ಇಕ್ಕಟ್ಟಾಗಿರಬೇಕು ಎಂಬುದು ನನ್ನ ಓದು.

ತನ್ನ ಹಕ್ಕನ್ನು ಆಕೆ ಸಮರ್ಥಿಸಿಕೊಂಡ ರೀತಿಯಂತೂ ರಂಗದ ಮೇಲೆ ತರಲು ಹೇಳಿ ಮಾಡಿಸಿದಂತಿದೆ. ದೇರ್ ಎಲ್-ಬಹ್ರಿಯಲ್ಲಿ ಆಕೆ ಕಟ್ಟಿಸಿದ ದೇವಾಲಯದ ಗೋಡೆಯಲ್ಲಿ ಅಮುನ್ ದೇವರು ಒಂದನೆಯ ಥುತ್‌ಮೋಸ್‌ನ ರೂಪ ತಾಳಿ ರಾಣಿ ಅಹ್ಮೋಸ್‌ಳ ಬಳಿಗೆ ಬರುತ್ತಾನೆ. ಟಗರಿನ ತಲೆಯ ಕ್ನೂಮ್ ದೇವರು ಕುಂಬಾರನ ಚಕ್ರದ ಮೇಲೆ ಹುಟ್ಟಲಿರುವ ಮಗುವನ್ನೂ ಅದರ ಚೇತನವನ್ನೂ ತಿದ್ದಿ ತೀಡುತ್ತಾನೆ. ಚಕ್ರದ ಮೇಲಿರುವುದು ಗಂಡುಮಗುವಿನ ಆಕೃತಿ! ಬರಹ ಹೇಳುವುದು ಮಗಳೆಂದು, ಚಿತ್ರ ತೋರಿಸುವುದು ಅರಸರಿಗೆ ಒಪ್ಪುವ ಗಂಡುರೂಪವನ್ನು. ಅಲ್ಲದೆ ಅಮುನ್ ದೇವರೇ ಅಪ್ಪಣೆಯ ಮೂಲಕ ತನ್ನನ್ನು ಆರಿಸಿದನೆಂದೂ ಆಕೆ ಬರೆಸಿದಳು. ಇದನ್ನು ಮೋಸದ ಪ್ರಚಾರವೆಂದು ಸುಲಭವಾಗಿ ತಳ್ಳಿಹಾಕುವವರು, ಮುಂದೆ ಮೂರನೆಯ ಥುತ್‌ಮೋಸ್ ಕೂಡ, ತಾನು ಗುಡಿಯಲ್ಲಿ ಸೇವೆಗಿದ್ದ ಬಾಲಕನಾಗಿದ್ದಾಗ ಅಮುನ್ ದೇವರು ಮೆರವಣಿಗೆಯಲ್ಲಿ ಬಂದು ತನ್ನನ್ನು ಆರಿಸಿದನೆಂದು ಕಾರ್ನಾಕ್‌ನಲ್ಲಿ ಬರೆಸಿಕೊಂಡದ್ದನ್ನು ಮರೆಯುತ್ತಾರೆ. ಸುಮಾರು ಒಂದು ಶತಮಾನದ ಮೇಲೆ ಆಳಿದ ಮೂರನೆಯ ಅಮೆನ್‌ಹೋತೆಪ್ ಇದೇ ದೈವಜನ್ಮದ ಚಿತ್ರಗಳನ್ನು ಲಕ್ಸರ್ ದೇವಾಲಯದಲ್ಲಿ ತನಗಾಗಿ ಕೆತ್ತಿಸಿಕೊಂಡ. ಇಂಥ ಹೇಳಿಕೆ ಅರಸುತನದ ಭಾಷೆ. ಆಕೆ ಅದನ್ನು ಎಲ್ಲರಿಗಿಂತ ಚೆನ್ನಾಗಿ ಆಡಿದಳು.

ಸಾಧನೆಯ ಬಗ್ಗೆ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. ಒಂಬತ್ತನೆಯ ವರ್ಷದಲ್ಲಿ ಕೆಂಪು ಸಮುದ್ರದ ಮಾರ್ಗವಾಗಿ ಪುಂಟ್ ನಾಡಿಗೆ ಹೋದ ಐದು ಹಡಗುಗಳು ಅದೇ ದೇವಾಲಯದ ಗೋಡೆಯ ಮೇಲಿವೆ. ಬೇರುಸಹಿತ ಬುಟ್ಟಿಯಲ್ಲಿಟ್ಟು ಹೊತ್ತು ತರುತ್ತಿರುವ ಧೂಪದ ಗಿಡಗಳೂ ಇವೆ. ಮಕ್ಕಳಿಗೆ ರಂಗದ ಮೇಲೆ ಗಿಡ ಹೊರುವ ಕೆಲಸ ಇಷ್ಟವಾಗುತ್ತದೆ. ಕಾರ್ನಾಕ್‌ನಲ್ಲಿ ಇಂದಿಗೂ ನಿಂತಿರುವ ಆಕೆಯ ಒಬೆಲಿಸ್ಕ್, ಅಂದರೆ ಚೂಪು ತುದಿಯ ಸ್ತಂಭ, ಅಸ್ವಾನ್‌ನ ಕೆಂಪು ಗ್ರಾನೈಟಿನ ಒಂದೇ ಕಲ್ಲು, ಎತ್ತರ 30 ಮೀಟರಿಗೆ ತುಸು ಕಡಿಮೆ, ತೂಕ 320 ಟನ್ನಿಗೂ ಹೆಚ್ಚು. ಕಲ್ಲಿನ ಗಣಿಯಲ್ಲಿ ಏಳು ತಿಂಗಳ ಕೆಲಸವೆಂದು ಅದರ ಬುಡದ ಬರಹವೇ ಹೇಳುತ್ತದೆ. ಅದೇ ಬರಹದಲ್ಲಿ ಆಕೆ, ಮುಂದಿನ ಕಾಲದಲ್ಲಿ ಇದನ್ನು ಕಂಡವರು ಏನೆನ್ನುವರೋ ಎಂದು ತನ್ನ ಮನಸ್ಸು ಅತ್ತಿತ್ತ ಹೊಯ್ದಾಡುತ್ತದೆ ಎಂಬ ಅರ್ಥದ ಮಾತನ್ನು ಕೆತ್ತಿಸಿದ್ದಾಳೆ. ನಾನು ಓದಿದ ಅರಸರ ಬರಹಗಳಲ್ಲಿ ಹೀಗೆ ಅಳುಕನ್ನು ಒಪ್ಪಿಕೊಂಡದ್ದು ಅಪರೂಪ. ನಾಟಕದಲ್ಲಿ ಆಕೆಗೆ ಒಂದೇ ಒಂದು ಸ್ವಗತ ಇಡುವುದಾದರೆ ಇದನ್ನೇ ಇಡಿ.

‘ಯುದ್ಧವನ್ನೇ ಮಾಡದ ಶಾಂತಿಪ್ರಿಯೆ’ ಎಂಬುದನ್ನು ಮಾತ್ರ ಕೈಬಿಡಿ. ಅಸ್ವಾನ್ ಬಳಿಯ ಸೆಹೆಲ್ ದ್ವೀಪದ ಬಂಡೆಯೊಂದರ ಮೇಲೆ ತೀ ಎಂಬ ಅಧಿಕಾರಿ, ತನ್ನ ದೊರೆ ಮಾಅತ್‌ಕಾರೆ ಈಜಿಪ್ಟಿನ ದಕ್ಷಿಣಕ್ಕಿದ್ದ ನೂಬಿಯಾದವರನ್ನು ಸೋಲಿಸಿದ್ದನ್ನು ತಾನು ಕಂಡೆನೆಂದು ಕೆತ್ತಿಸಿದ್ದಾನೆ. ಜೆಹುತಿ ಎಂಬ ಇನ್ನೊಬ್ಬ ಅಧಿಕಾರಿಯ ಬರಹವೂ ನೂಬಿಯಾದ ಕೊಳ್ಳೆಯನ್ನು ಹೇಳುತ್ತದೆ. ಮಲಮಗನಷ್ಟು ದಂಡಯಾತ್ರೆ ಆಕೆ ಮಾಡಲಿಲ್ಲ, ನಿಜ. ಆದರೆ ಹೆಣ್ಣು ಆಳಿದರೆ ಶಾಂತಿ ಎಂಬ ನಮ್ಮ ಕಾಲದ ಹಾರೈಕೆಯನ್ನು ಕ್ರಿ.ಪೂ. ಹದಿನೈದನೆಯ ಶತಮಾನದ ಮೇಲೆ ಹೊರಿಸಿದರೆ ಸೋತ ನೂಬಿಯಾದವರು ಕಥೆಯಿಂದ ಕಾಣೆಯಾಗುತ್ತಾರೆ. ಹಾಗೆಯೇ ಸೆನೆನ್‌ಮುತ್ ಆಕೆಯ ಪ್ರಿಯಕರನೆಂಬ ಗಾಳಿಮಾತು. ಅವನು ಸಾಧಾರಣ ಮನೆಯಿಂದ ಬಂದು ಮೇಲೇರಿದ ಸಮರ್ಥ ಅಧಿಕಾರಿ, ನೆಫೆರೂರೆಯನ್ನು ನೋಡಿಕೊಳ್ಳುವ ಹೊಣೆ ಹೊತ್ತವನು. ಆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಅವನ ಪ್ರತಿಮೆಗಳು ಉಳಿದಿವೆ. ಅಧಿಕಾರದಲ್ಲಿರುವ ಹೆಂಗಸಿನ ಪಕ್ಕದಲ್ಲಿ ಒಬ್ಬ ಸಮರ್ಥ ಗಂಡಸಿದ್ದರೆ ಕಥೆ ಎತ್ತ ಹರಿಯುತ್ತದೆಂದು ಸ್ಟಾಫ್ ರೂಮಿನಲ್ಲಿ ಕೂರುವ ನಿಮಗೆ ನಾನು ಹೇಳಬೇಕಾಗಿಲ್ಲ. ಶಾಲೆಯ ನಾಟಕಕ್ಕೆ ಅದು ಬೇಡ.

ಇನ್ನು ಅಳಿಸಿದ ವಿಷಯ, ನಿಮ್ಮ ಪ್ರಶ್ನೆಯ ತಿರುಳು. ಯಾವುದೇ ನಾಡಿನ ಶಾಸನವಾಗಲಿ, ಉಳಿಯಿಂದ ಕೆತ್ತಿ ಅಳಿಸಿದ ಜಾಗ ಕಂಡಾಗ ನಾವು ಸಿಟ್ಟನ್ನು ಊಹಿಸುವ ಮೊದಲು ಯಾವಾಗ ಅಳಿಸಿದರು, ಯಾವುದನ್ನು ಬಿಟ್ಟರು, ಅಳಿಸಿದ ಜಾಗದಲ್ಲಿ ಏನು ಬರೆದರು ಎಂದು ಕೇಳಿಕೊಳ್ಳುತ್ತೇವೆ. ಇಲ್ಲಿ ಈ ಮೂರಕ್ಕೂ ಉತ್ತರ ಸಿಗುತ್ತದೆ, ಮತ್ತು ಮೂರೂ ಸೇಡಿನ ಕಥೆಗೆ ಒಗ್ಗುವುದಿಲ್ಲ.

ಯಾವಾಗ ಎಂಬುದನ್ನು ನೋಡಿ. ಆಕೆ ತೀರಿಕೊಂಡದ್ದು ಸುಮಾರು ಕ್ರಿ.ಪೂ. 1458ರಲ್ಲಿ, ಆಳ್ವಿಕೆಯ ಇಪ್ಪತ್ತೆರಡನೆಯ ವರ್ಷದ ಹೊತ್ತಿಗೆ. ಹಿಂದಿನ ವಿದ್ವಾಂಸರು ಮರುದಿನವೇ ಉಳಿ ಹಿಡಿದರೆಂದು ನಂಬಿದ್ದರು. 1966ರಲ್ಲಿ ಪ್ರಾಚೀನ ಈಜಿಪ್ಟಿನ ವಿದ್ವಾಂಸ ಚಾರ್ಲ್ಸ್ ನಿಮ್ಸ್ ಕಾರ್ನಾಕ್‌ನ ಗೋಡೆಗಳ ಕಟ್ಟಡಕ್ರಮವನ್ನು ಹಿಡಿದು, ಅಳಿಸುವ ಕೆಲಸ ನಲವತ್ತೆರಡನೆಯ ವರ್ಷಕ್ಕಿಂತ ಮೊದಲು ನಡೆದಿರಲಾರದೆಂದು ತೋರಿಸಿದರು. ಇಂದು ಈ ಅಭಿಪ್ರಾಯಕ್ಕೆ ವ್ಯಾಪಕ ಮನ್ನಣೆಯಿದೆ. ಅಂದರೆ ನಡುವೆ ಇಪ್ಪತ್ತು ವರ್ಷಗಳ ಅಂತರ. ಸಿಟ್ಟು ಇಪ್ಪತ್ತು ವರ್ಷ ಕಾಯುವುದಿಲ್ಲ, ಅದರಲ್ಲೂ ಎದುರು ಹೇಳುವವರಿಲ್ಲದ ಅರಸನ ಸಿಟ್ಟು. ಯಾವುದನ್ನು ಬಿಟ್ಟರೆಂದರೆ, ಆಕೆ ಅರಸನ ಹೆಂಡತಿಯಾಗಿ ಕಾಣಿಸಿಕೊಂಡಿದ್ದ ಚಿತ್ರಗಳನ್ನು ಬಹುತೇಕ ಮುಟ್ಟಲಿಲ್ಲ. ಉಳಿ ಬಿದ್ದದ್ದು ಅರಸು ವೇಷದ ಚಿತ್ರ ಮತ್ತು ಹೆಸರುಗಳ ಮೇಲೆ. ಏನು ಬರೆದರೆಂದರೆ, ಸೇಡು ತೀರಿಸಿಕೊಂಡವನು ತನ್ನ ಹೆಸರನ್ನೇ ಬರೆಸಿಕೊಳ್ಳುವುದು ಸಹಜ. ಇಲ್ಲಿ ಹೆಚ್ಚಾಗಿ ಬರೆದದ್ದು ಒಂದನೆಯ ಮತ್ತು ಎರಡನೆಯ ಥುತ್‌ಮೋಸ್‌ರ ಹೆಸರುಗಳನ್ನು.

ಈ ಮೂರನ್ನೂ ಕೂಡಿಸಿ ನೋಡಿದರೆ ಎದುರಿಗೆ ಬರುವುದು ವಂಶಾವಳಿ ತಿದ್ದುತ್ತಿರುವ ಒಬ್ಬ ಮುದುಕ. ತಾತನಿಂದ ತಂದೆಗೆ, ತಂದೆಯಿಂದ ತನಗೆ, ತನ್ನಿಂದ ಮಗನಿಗೆ ಎಂದು ನೇರವಾಗಿ ಹರಿಯಬೇಕಾದ ಸಾಲಿನಲ್ಲಿ ಹತ್‌ಶೆಪ್ಸುತ್ ಒಂದು ತಿರುವು. ಅವನ ಹಿರಿಯ ಮಗ ಅಮೆನೆಮ್ಹತ್ ಮೊದಲೇ ತೀರಿಹೋಗಿದ್ದ. ಪಟ್ಟಕ್ಕೆ ಬರಬೇಕಾದವನು ಕಿರಿಯನಾದ ಅಮೆನ್‌ಹೋತೆಪ್. ಅರಮನೆಯ ಬೇರೆ ಕವಲಿನವರು, ‘ಹತ್‌ಶೆಪ್ಸುತ್‌ಗೆ ಸಲ್ಲಬಹುದಾದರೆ ನಮಗೇಕೆ ಸಲ್ಲದು’ ಎನ್ನದಂತೆ ಬಾಗಿಲು ಮುಚ್ಚುವುದು ಅವನ ಗುರಿಯಾಗಿತ್ತೆಂದು ಹಲವರು ತರ್ಕಿಸುತ್ತಾರೆ. ಹೆಣ್ಣು ಅರಸಾಗುವುದು ಮುಂದಕ್ಕೆ ಮಾದರಿಯಾಗಬಾರದೆಂಬ ಎಣಿಕೆಯೂ ಅದರಲ್ಲಿ ಸೇರಿರಬಹುದು. ನನಗೆ ಮೊದಲನೆಯ ಕಾರಣ ಹೆಚ್ಚು ತೂಕದ್ದೆನಿಸುತ್ತದೆ, ಏಕೆಂದರೆ ಮಗ ಅಮೆನ್‌ಹೋತೆಪ್ ಪಟ್ಟದಲ್ಲಿ ಗಟ್ಟಿಯಾಗಿ ಕುಳಿತ ಮೇಲೆ ಈ ಅಳಿಸುವ ಕೆಲಸ ಅರ್ಧಕ್ಕೇ ನಿಂತುಹೋಯಿತು.

ಪ್ರತಿಮೆಗಳನ್ನು ಒಡೆದು ಗುಂಡಿಗೆ ಹಾಕಿದ್ದು ದ್ವೇಷವಲ್ಲದೆ ಇನ್ನೇನು ಎಂದು ನೀವು ಕೇಳಬಹುದು. 1920ರ ದಶಕದಲ್ಲಿ ದೇರ್ ಎಲ್-ಬಹ್ರಿಯಲ್ಲಿ ಪುರಾತತ್ತ್ವಜ್ಞ ಹರ್ಬರ್ಟ್ ವಿನ್‌ಲಾಕ್ ಆ ಚೂರುಗಳನ್ನು ಅಗೆದು ತೆಗೆದಾಗ ಅವರೂ ಹಾಗೆಯೇ ತಿಳಿದರು. ನಿಮ್ಮ ಕೈಗೆ ಸಿಕ್ಕ ಕಥೆಯ ಬೇರು ಅಲ್ಲಿದೆ. 2025ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಆ ಉತ್ಖನನದ ಹಳೆಯ ಟಿಪ್ಪಣಿ ಮತ್ತು ಛಾಯಾಚಿತ್ರಗಳನ್ನು ಮತ್ತೆ ಪರಿಶೀಲಿಸಿ, ಹಲವು ಪ್ರತಿಮೆಗಳು ಕುತ್ತಿಗೆ, ಸೊಂಟ, ಮಂಡಿಗಳಲ್ಲಿ ಕ್ರಮವಾಗಿ ಮುರಿದಿರುವುದನ್ನೂ ಎಷ್ಟೋ ಮುಖಗಳು ಹಾನಿಯಿಲ್ಲದೆ ಉಳಿದಿರುವುದನ್ನೂ ತೋರಿಸಿದರು. ಪ್ರತಿಮೆಯಲ್ಲಿ ಶಕ್ತಿ ನೆಲೆಸಿದೆಯೆಂದು ನಂಬಿದವರು ಅದನ್ನು ವಿಸರ್ಜಿಸುವಾಗ ಅನುಸರಿಸುತ್ತಿದ್ದ ಕ್ರಮವಿದು, ಬೇರೆ ಅರಸರ ಪ್ರತಿಮೆಗಳಿಗೂ ಹೀಗೆ ಮಾಡಿದ್ದುಂಟು ಎಂಬುದು ಅವರ ವಾದ. ನಮ್ಮಲ್ಲಿ ಭಗ್ನವಾದ ಮೂರ್ತಿಯ ಕಳೆ ಇಳಿಸಿ ನೀರಿಗೆ ಬಿಡುವುದನ್ನು ಕಂಡವರಿಗೆ ಈ ಮಾತು ತಟ್ಟನೆ ಅರ್ಥವಾಗುತ್ತದೆ. ಹಾಗೆಂದು ಅಳಿಸಿದ್ದು ಸುಳ್ಳೆಂದಲ್ಲ. ಮುಂದೆ ಅಬಿಡೋಸ್‌ನಲ್ಲಿ ಒಂದನೆಯ ಸೆತಿ ಕೆತ್ತಿಸಿದ ಅರಸರ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ. ಆದರೆ ನೆನಪು ಪೂರ್ತಿ ಹೋಗಲಿಲ್ಲ: ಕ್ರಿ.ಪೂ. ಮೂರನೆಯ ಶತಮಾನದ ಈಜಿಪ್ಟಿನ ಪುರೋಹಿತ ಮನೆಥೋ ಬರೆದ ಅರಸರ ಪಟ್ಟಿಯಲ್ಲಿ, ಇದೇ ವಂಶದ ಸಾಲಿನಲ್ಲಿ, ಇಪ್ಪತ್ತೊಂದು ವರ್ಷ ಒಂಬತ್ತು ತಿಂಗಳು ಆಳಿದ ಒಬ್ಬ ಹೆಂಗಸಿದ್ದಾಳೆ.

ಈಗ ನಾಟಕ. ಸೇಡಿನ ಕಥೆಯನ್ನೇ ಆಡಿಸಿದರೆ ಸಂಘರ್ಷ ಸುಲಭವಾಗಿ ಸಿಗುತ್ತದೆ, ಕೊನೆಯ ದೃಶ್ಯದಲ್ಲಿ ಸುತ್ತಿಗೆ ಏಟಿಗೆ ಚಪ್ಪಾಳೆಯೂ ಬೀಳುತ್ತದೆ. ಆದರೆ ಪುರಾವೆ ಬಿಟ್ಟುಕೊಟ್ಟು ಅರ್ಧ ಶತಮಾನದ ಹಿಂದೆಯೇ ಹಳತಾದ ಊಹೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದಂತಾಗುತ್ತದೆ, ಜೊತೆಗೆ ಹೆಣ್ಣು ಅಧಿಕಾರಕ್ಕೆ ಬಂದರೆ ಮನೆಯೊಳಗೆ ಜಗಳ ಎಂಬ ಪಾಠವೂ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ವೀರನಾರಿಯ ಕಥೆ ನಿಮ್ಮ ಮೂಲ ಉದ್ದೇಶಕ್ಕೆ ಹತ್ತಿರ. ಅದರ ಅಪಾಯ ಬೇರೆ: ಆಕೆಯೇ ತನ್ನ ಬಗ್ಗೆ ಬರೆಸಿದ್ದನ್ನು ನೀವು ಸತ್ಯವೆಂದು ಒಪ್ಪಿದಂತಾಗುತ್ತದೆ, ಹುಡುಗ ಥುತ್‌ಮೋಸ್ ಮೂಕಪಾತ್ರವಾಗುತ್ತಾನೆ.

ನನ್ನನ್ನು ಕೇಳಿದರೆ, ಆ ಇಪ್ಪತ್ತು ವರ್ಷಗಳ ಅಂತರದಿಂದಲೇ ನಾಟಕ ಶುರುಮಾಡಿ. ತೆರೆ ಎದ್ದಾಗ ಉಳಿ ಹಿಡಿದ ಶಿಲ್ಪಿಯೊಬ್ಬ ಗೋಡೆಯ ಮುಂದೆ ಇರಲಿ. ಅವನ ಪಕ್ಕದಲ್ಲಿ, ಅಳಿಸಬೇಕಾದವಳು ಯಾರೆಂದೇ ತಿಳಿಯದ ಎಳೆಯ ಸಹಾಯಕ ಇರಲಿ. ‘ಯಾರಿದು?’ ಎಂದು ಹುಡುಗ ಕೇಳುತ್ತಾನೆ, ಮುದುಕ ನೆನಪು ಮಾಡಿಕೊಳ್ಳುತ್ತಾನೆ, ಹಿಂದಿನ ದೃಶ್ಯಗಳು ಬರುತ್ತವೆ. ಮುಪ್ಪಿನ ಥುತ್‌ಮೋಸ್‌ಗೂ ಒಂದು ದೃಶ್ಯ ಕೊಡಿ. ತನ್ನನ್ನು ಉಳಿಸಿ ಬೆಳೆಸಿದವಳ ಹೆಸರನ್ನು ಮಗನಿಗಾಗಿ ಅಳಿಸಲು ಅಪ್ಪಣೆ ಕೊಡುವವನ ಮುಖದಲ್ಲಿ ಕೂಗಾಟಕ್ಕಿಂತ ಹೆಚ್ಚಿನದು ಇರುತ್ತದೆ. ಇದರಲ್ಲಿಯೂ ಅಪಾಯವಿಲ್ಲದಿಲ್ಲ. ಆ ದೃಶ್ಯದ ಮಾತುಗಳು ನಿಮ್ಮ ಕಲ್ಪನೆ. ಅವನು ಏನೆಂದುಕೊಂಡನೆಂದು ಯಾವ ಕಲ್ಲೂ ಹೇಳುವುದಿಲ್ಲ. ಆದ್ದರಿಂದ ಸೂತ್ರಧಾರನಿಂದ ಒಂದು ಮಾತು ಹೇಳಿಸಿಬಿಡಿ, ಇಷ್ಟು ಕಲ್ಲಿನ ಮೇಲಿದೆ, ಇಷ್ಟು ನಮ್ಮ ಊಹೆ ಎಂದು. ಹದಿನಾಲ್ಕು ವರ್ಷದ ಮಕ್ಕಳಿಗೆ ಇದು ಕಷ್ಟವೆಂದು ಅಂಜಬೇಡಿ. ನಾನು ಪಾಠ ಮಾಡಿದ ತರಗತಿಗಳಲ್ಲಿ, ಎರಡು ಕಥೆಗಳನ್ನು ಮುಂದಿಟ್ಟು ಪುರಾವೆ ಯಾವುದಕ್ಕಿದೆ ಎಂದು ಕೇಳಿದಾಗ ನಿದ್ದೆ ಹೋದವರು ಕಡಿಮೆ.

ಕೊನೆಗೆ ನಿಮ್ಮ ವಿದ್ಯಾರ್ಥಿನಿಗೆ. ಈಜಿಪ್ಟಿನ ಭಾಷೆಯಲ್ಲಿ ನಾವು ‘ರಾಣಿ’ ಎಂದು ಅನುವಾದಿಸುವ ಪದದ ನೇರ ಅರ್ಥ ‘ಅರಸನ ಹೆಂಡತಿ’. ಸ್ವಂತ ಹಕ್ಕಿನಿಂದ ಆಳುವ ಹೆಂಗಸಿಗೆ ಅವರಲ್ಲಿ ಬೇರೆ ಪದವೇ ಇರಲಿಲ್ಲ. ಹಾಗಾಗಿ ಆಕೆ ಅರಸು ಎಂಬ ಪದವನ್ನೇ ತೆಗೆದುಕೊಂಡಳು, ಅದಕ್ಕೆ ಅಲ್ಲಲ್ಲಿ ಸ್ತ್ರೀಲಿಂಗದ ಪ್ರತ್ಯಯ ಹಚ್ಚಿದಳು. ಬಿರುದುಗಳಲ್ಲಿ ‘ರೇ ದೇವರ ಮಗ’ ಇದ್ದಲ್ಲಿ ‘ರೇ ದೇವರ ಮಗಳು’ ಬಂತು. ಗಂಡಸೆಂದು ನಂಬಿಸಲು ಹೊರಟವಳು ಅದೇ ಕಲ್ಲಿನ ಮೇಲೆ ‘ಮಗಳು’ ಎಂದು ಬರೆಸುವುದಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ, ಕುಳಿತ ಭಂಗಿಯ ಆಕೆಯ ಪ್ರತಿಮೆಯಲ್ಲಿ ಅರಸನ ಶಿರೋವಸ್ತ್ರದ ಕೆಳಗೆ ಹೆಣ್ಣಿನ ಮೈಕಟ್ಟು ಸ್ಪಷ್ಟವಾಗಿದೆ. ಗಡ್ಡವೂ ಗಂಡಿನ ಮೈಕಟ್ಟೂ ಬೇರೆ ಪ್ರತಿಮೆಗಳಲ್ಲಿ ಬರುತ್ತವೆ. ಆ ಗಡ್ಡ ಗಂಡಸರ ಗಡ್ಡವಲ್ಲ, ಅರಸರ ಗಡ್ಡ. ಮುಖ ನುಣ್ಣಗೆ ಬೋಳಿಸಿಕೊಂಡ ಗಂಡು ಅರಸರೂ ಅದನ್ನು ಕಿರೀಟದಂತೆ ಕಟ್ಟಿಕೊಳ್ಳುತ್ತಿದ್ದರು. ಯಕ್ಷಗಾನದ ಕಿರೀಟ ಭುಜಕೀರ್ತಿಗಳನ್ನು ಕಂಡ ನಮ್ಮ ಮಕ್ಕಳಿಗೆ ವೇಷ ಸೂಚಿಸುವುದು ಪಾತ್ರದ ಪದವಿಯನ್ನು ಎಂದು ವಿವರಿಸಬೇಕಾಗಿಲ್ಲ.

ಕನ್ನಡದಲ್ಲಿ ನಿಮಗೊಂದು ಅನುಕೂಲವಿದೆ. ಬಂದನು, ಬಂದಳು ಎಂದು ನಾವೂ ಆರಿಸಿಕೊಳ್ಳಲೇಬೇಕು, ಆದರೆ ಗೌರವದ ‘ಬಂದರು’ ಆ ಇಕ್ಕಟ್ಟನ್ನು ತಪ್ಪಿಸುತ್ತದೆ. ದೊರೆ ಎಂಬ ಪದವೂ ಲಿಂಗವನ್ನು ಎತ್ತಿ ಹೇಳುವುದಿಲ್ಲ. ಮೊದಲ ದೃಶ್ಯಗಳಲ್ಲಿ ಆಕೆಯನ್ನು ‘ರಾಣಿಯವರು’ ಎನ್ನಿಸಿ; ಏಳನೆಯ ವರ್ಷದ ದೃಶ್ಯದಿಂದ ಮುಂದೆ ‘ದೊರೆಗಳು’ ಎನ್ನಿಸಿ, ಮತ್ತು ಆ ಬದಲಾವಣೆಯನ್ನು ಸಭೆಯಲ್ಲಿ ಯಾರೋ ಒಬ್ಬರು ಒಂದು ಕ್ಷಣ ತಡವರಿಸಿ ಮಾಡಲಿ. ಗಡ್ಡವನ್ನು ಅದೇ ದೃಶ್ಯದಲ್ಲಿ, ಪ್ರೇಕ್ಷಕರ ಕಣ್ಣೆದುರಿಗೇ ಕಟ್ಟಿಕೊಳ್ಳಲಿ. ಅಂಟಿನಿಂದ ಅಂಟಿಸಬೇಡಿ, ಪಟ್ಟಿಯಿಂದ ಕಿವಿಗೆ ಕಟ್ಟಿ. ಎಷ್ಟೋ ಈಜಿಪ್ಟ್ ಅರಸರ ಪ್ರತಿಮೆಗಳಲ್ಲಿ ಆ ಪಟ್ಟಿ ಕೆನ್ನೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ನಿಮ್ಮ ಹುಡುಗಿಯ ಕೆನ್ನೆಯ ಮೇಲೂ ಹಿಂದಿನ ಸಾಲಿನಲ್ಲಿ ಕೂತವರಿಗೆ ಕಾಣುವಷ್ಟು ದಪ್ಪಗಿರಲಿ.